ಶನಿವಾರ ಏಳೂವರೆಯ ಥಿಯೋಟಿಸ್

ನನ್ನ ತಮ್ಮ ಥಿಯೋಟಿಸ್ ಗ್ರ್ಯಾನ್‌ಬೆರಿಯ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಚರ್ಚಿನ ಹೆಂಗಸರ ಸಂಘದವರು ಎರಡು ವರ್ಷದಿಂದ ನನ್ನ ಬೆನ್ನು ಬಿದ್ದಿದ್ದಾರೆ. ಪತ್ರಿಕೆಯವರು ಬರೆದಿದ್ದಾರಲ್ಲ, ಅದನ್ನೇ ಅಂಟಿಸಿಕೊಳ್ಳಿ ಎಂದೆ. ಪತ್ರಿಕೆಯವರು ಬರೆದದ್ದು ಒಂದೇ ಸಾಲು. ಸೇಂಟ್ ಲೂಯಿಸ್ ನಗರದ ಟೆಲಿವಿಷನ್ನಿನಲ್ಲಿ ಆಳಿನ ಪಾತ್ರದ ಏಪ್ರನ್ ಕಟ್ಟದೆ, ಕೈಯಲ್ಲಿ ತಟ್ಟೆ ಹಿಡಿಯದೆ, ಸೂಟು ಹಾಕಿಕೊಂಡು ಒಬ್ಬನೇ ನಿಂತು ನಗಿಸಿದ ಮೊದಲ ಕಪ್ಪು ಮನುಷ್ಯ, ಅಂತ. ಸರಿ, ಮೊದಲಿಗನೇ. ಆದರೆ ಆ ಮೊದಲಿಗನಿಗೆ ತಾನು ನಗಿಸಿದೆನೋ ಇಲ್ಲವೋ ಎನ್ನುವುದೇ ಎರಡು ವರ್ಷ ಗೊತ್ತಿರಲಿಲ್ಲ. ಅದನ್ನು ಯಾರೂ ಬರೆಯಲಿಲ್ಲ, ಯಾಕೆಂದರೆ ನನ್ನನ್ನು ಯಾರೂ ಕೇಳಲಿಲ್ಲ.

ಅವನಿಗಿಂತ ನಾನು ನಾಲ್ಕು ವರ್ಷಕ್ಕೆ ದೊಡ್ಡವಳು. ಅರ್ಕಾನ್ಸಾದಿಂದ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ರೈಲು ಹತ್ತಿದಾಗ ಅವನು ಅವಳ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದ, ನಾನು ಗಂಟು ಹೊತ್ತಿದ್ದೆ. ಆಮೇಲೂ ಹೆಚ್ಚುಕಡಿಮೆ ಹಾಗೆಯೇ ನಡೆಯಿತು. ನಮ್ಮ ಬೀದಿಯ ಇಟ್ಟಿಗೆ ಮನೆಯ ಕೆಳಗಡೆ ನಾನು ಹೆಂಗಸರ ಕೂದಲು ನೇರ ಮಾಡುವ ಅಂಗಡಿ ಇಟ್ಟೆ. ಮೇಲೆ ಅಮ್ಮ, ನಾನು, ಅವನು. ಮದುವೆ ಆಗೋ ಎಂದರೆ, ಅಕ್ಕನ ಹತ್ತಿರ ಬೈಸಿಕೊಂಡು ಅಭ್ಯಾಸವಾಗಿದೆ, ಹೊಸಬಳು ಯಾಕೆ ಎನ್ನುತ್ತಿದ್ದ.

ಇಪ್ಪತ್ತನೆಯ ವಯಸ್ಸಿಗೆ ಅವನಿಗೆ ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸುವ ಕೆಲಸ ಸಿಕ್ಕಿತು. ಎಂಟು ಅಂತಸ್ತು. ಆ ಅಂಗಡಿಯಲ್ಲಿ ನಮ್ಮವರು ಟೋಪಿ ಕೊಳ್ಳಬಹುದಿತ್ತು, ತಲೆಗೆ ಇಟ್ಟು ನೋಡುವಂತಿರಲಿಲ್ಲ. ಹಿತ್ತಾಳೆ ಗುಂಡಿಯ ಕೋಟು ಹಾಕಿಕೊಂಡು ಇವನು ಇಡೀ ದಿನ ಮೇಲೆ ಕೆಳಗೆ, ಮೇಲೆ ಕೆಳಗೆ. ಹತ್ತುವವರು ಅವನು ಅಲ್ಲಿಲ್ಲವೇನೋ ಎಂಬಂತೆ ಮಾತಾಡುತ್ತಿದ್ದರು. ಮೂರನೆಯ ಅಂತಸ್ತಿನಲ್ಲಿ ಹತ್ತಿದ ಹೆಂಗಸು ಗೆಳತಿಗೆ, ನಮ್ಮ ಮಾವ ಹಲ್ಲಿನ ಸೆಟ್ಟನ್ನು ಎಲ್ಲಿ ಬಚ್ಚಿಟ್ಟಿದ್ದರು ಗೊತ್ತಾ ಎಂದು ಶುರು ಮಾಡಿ, ಐದನೆಯದರಲ್ಲಿ ಇಳಿದು ಹೋಗಿಬಿಡುವಳು. ಎಲ್ಲಿ ಬಚ್ಚಿಟ್ಟಿದ್ದರು ಎನ್ನುವುದು ಅವಳ ಜೊತೆಗೇ ಹೋಯಿತು. ಹೀಗೆ ದಿನಕ್ಕೆ ನೂರು ಕಥೆ, ಒಂದಕ್ಕೂ ಬಾಲವಿಲ್ಲ. ರಾತ್ರಿ ಊಟಕ್ಕೆ ಕೂತಾಗ ಬಾಲಗಳನ್ನು ಅವನೇ ಕಟ್ಟುತ್ತಿದ್ದ. ಲಿಫ್ಟಿನಲ್ಲಿ ನಿಂತಾಗ ಕಾಲ ಕೆಳಗಿನ ನೆಲವೇ ತೇಲಿದ ಹಾಗೆ, ಊರಿನವರೆಲ್ಲ ಕನಸಿನಲ್ಲಿ ಬಡಬಡಿಸುತ್ತಾ ತನ್ನ ಪಕ್ಕದಲ್ಲಿ ಹಾದುಹೋದ ಹಾಗೆ ಅನ್ನಿಸುತ್ತದೆ ಎಂದು ಒಮ್ಮೆ ಹೇಳಿದ್ದ. ಕನಸು ಕಾಣುವವನಿಗೆ ಬೀನ್ಸ್ ಆರಿದ್ದೂ ಗೊತ್ತಾಗುವುದಿಲ್ಲ, ತಿನ್ನು ಎಂದೆ.

ಅವನು ಕಥೆ ಹೇಳುವ ರೀತಿ ನಮ್ಮೆಲ್ಲರದ್ದೇ. ಒಂದು ಮಾತು ಹೇಳಿ ನಿಲ್ಲಿಸುವನು. ಹುಬ್ಬು ಎತ್ತಿ ನಮ್ಮನ್ನು ನೋಡುವನು. ಅಮ್ಮ, ಸುಳ್ಳು ಬೊಗಳಬೇಡ ಎನ್ನುವಳು. ಆಗ ಮುಂದಿನ ಮಾತು. ನಮ್ಮ ಚರ್ಚಿನಲ್ಲಿ ಪಾದ್ರಿಯ ಪ್ರಸಂಗವೂ ಹಾಗೇ ನಡೆಯುವುದು. ಅವರೊಂದು ಅಂದರೆ ಬೆಂಚುಗಳಿಂದ ನಾವೊಂದು ಅನ್ನಬೇಕು. ನಾವು ಸುಮ್ಮನಿದ್ದರೆ, ನಿಮಗೆಲ್ಲ ಮೈಯಲ್ಲಿ ಹುಷಾರಿಲ್ಲವೇ ಎಂದು ಪಾದ್ರಿಯೇ ಕೇಳಬೇಕಾಗುತ್ತದೆ.

ಅದೇ ಚರ್ಚಿನ ಇನ್ನೊಂದು ಪದ್ಧತಿಯೂ ಇದೆ, ಅದೇ ಇವನ ಪ್ರಾಣ ತಿಂದಿದ್ದು. ಹಾಡಲು ಎದ್ದವಳ ದನಿ ನಡುವೆ ಒಡೆದರೆ, ಸಾಲು ಮರೆತರೆ, ಮುಂದಿನ ಬೆಂಚಿನ ಬಿಳಿ ಉಡುಪಿನ ದೊಡ್ಡಮ್ಮಂದಿರೆಲ್ಲ, “ನಿಧಾನ ಮಗಳೇ, ನಿಧಾನ, ದೇವರು ಕೈ ಹಿಡೀತಾನೆ” ಎನ್ನುತ್ತಾರೆ. ಹಾಡು ಮುಗಿದ ಮೇಲೆ ತಬ್ಬಿಕೊಂಡು, ಎಷ್ಟು ಚೆನ್ನಾಗಿ ಹಾಡಿದೆ ಎನ್ನುತ್ತಾರೆ. ಕತ್ತೆ ಹಾಡಿದ ಹಾಗೆ ಹಾಡಿದರೂ ಅಷ್ಟೇ. ನಮ್ಮ ಚರ್ಚಿನಲ್ಲಿ ಎದ್ದು ನಿಂತ ಯಾರಿಗೂ, ನೀನು ಕೆಟ್ಟದಾಗಿ ಮಾಡಿದೆ ಎಂದು ಇವತ್ತಿನವರೆಗೂ ಯಾರೂ ಹೇಳಿಲ್ಲ. ಎದ್ದು ನಿಂತಿದ್ದೇ ದೊಡ್ಡದು.

ಟೆಲಿವಿಷನ್ ಬಂದದ್ದು ಹೀಗೆ. ಊರಿನ ಒಂದು ಸ್ಟೇಷನ್ನಿನ ಮ್ಯಾನೇಜರು ವಾರಕ್ಕೊಮ್ಮೆ ಆ ಲಿಫ್ಟಿನಲ್ಲಿ ಏರುತ್ತಿದ್ದ. ಒಂದು ದಿನ ಅವನು ಒಳಗಿದ್ದಾಗಲೇ ಲಿಫ್ಟು ಆರನೆಯ, ಏಳನೆಯ ಅಂತಸ್ತಿನ ಮಧ್ಯೆ ಇಪ್ಪತ್ತು ನಿಮಿಷ ಕೆಟ್ಟು ನಿಂತಿತು. ಒಳಗಿದ್ದ ಹೆಂಗಸೊಬ್ಬಳು ಅಳಲು ಶುರು ಮಾಡಿದಳು. ಥಿಯೋಟಿಸ್ ಆ ಹೆಂಗಸಿನ ಮಾವನ ಹಲ್ಲಿನ ಸೆಟ್ಟಿನ ಹಳೆಯ ಕಥೆ ತೆಗೆದ. ಲಿಫ್ಟು ಸರಿಹೋದರೂ ಕಥೆ ಮುಗಿಯುವವರೆಗೆ ಯಾರೂ ಇಳಿಯಲಿಲ್ಲವಂತೆ. ಐವತ್ತೆಂಟನೆಯ ಇಸವಿಯ ಶರತ್ಕಾಲಕ್ಕೆ ಅವನಿಗೆ ಶನಿವಾರ ಸಂಜೆ ಏಳೂವರೆಗೆ ಹದಿನೈದು ನಿಮಿಷ ಕೊಟ್ಟರು. ಬ್ರೆಡ್ಡು ಮಾರುವವರ ಜಾಹೀರಾತು, ನಡುವೆ ಇವನು. ಬಿಳಿ ಅಂಗಿ ಕ್ಯಾಮೆರಾದ ಕಣ್ಣಿಗೆ ಹೊಡೆಯುತ್ತದೆ ಎಂದು ತಿಳಿನೀಲಿ ಅಂಗಿ ಹಾಕಿಸಿದರು. ಪ್ರತಿ ಶನಿವಾರ ಅದಕ್ಕೆ ಇಸ್ತ್ರಿ ಹಾಕುತ್ತಿದ್ದವಳು ನಾನು. ಪರದೆಯ ಮೇಲೆ ಅದು ಬೆಳ್ಳಗೇ ಕಾಣುತ್ತಿತ್ತು.

ಸ್ಟುಡಿಯೊದಲ್ಲಿ ಮೂವತ್ತು ಕುರ್ಚಿ ಹಾಕುತ್ತಿದ್ದರು. ಬ್ರೆಡ್ಡಿನ ಪೊಟ್ಟಣದ ಚೀಟಿ ತೋರಿಸಿ ಒಳಗೆ ಬಂದ ಬಿಳಿಯ ಹೆಂಗಸರು, ಅವರ ಗಂಡಂದಿರು. ಒಳ್ಳೆಯ ಜನ, ಚರ್ಚಿನಲ್ಲಿ ಉಸಿರು ಬಿಗಿಹಿಡಿದು ಕೂತು ಬೆಳೆದವರು. ಸ್ಟುಡಿಯೊದವನೊಬ್ಬ ನಡುವೆ ‘ನಗಿ’ ಎಂದು ಬರೆದ ಬೋರ್ಡು ಎತ್ತುವನು, ಆಗ ನಗುವರು. ಆದರೆ ಥಿಯೋಟಿಸ್ ಒಂದು ಮಾತು ಹೇಳಿ, ಹುಬ್ಬು ಎತ್ತಿ, ಉತ್ತರಕ್ಕೆ ಕಾದು ನಿಂತಾಗ ಅಲ್ಲಿ ಏನೂ ಬರುತ್ತಿರಲಿಲ್ಲ. ಫ್ಯಾನಿನ ಸದ್ದು, ಯಾರದೋ ಕೆಮ್ಮು. ಅವನಿಗೆ ಬೇರೆ ರೀತಿ ಬರುತ್ತಿರಲಿಲ್ಲ, ಹಾಗೆಯೇ ನಿಂತು ನಿಂತು ಮುಂದೆ ಹೋಗುವನು. ಬಾವಿಯೊಳಗೆ ಕಲ್ಲು ಹಾಕಿ ನೀರಿನ ಸದ್ದು ಕೇಳದವನ ಹಾಗೆ ಆಗುತ್ತೆ ಅಕ್ಕ ಎನ್ನುತ್ತಿದ್ದ.

ಎರಡು ಬಸ್ಸು ಬದಲಿಸಿ ಮನೆಗೆ ಬರುವ ಹೊತ್ತಿಗೆ ಕಾರ್ಯಕ್ರಮ ಮುಗಿದು ಒಂದೂವರೆ ಗಂಟೆ ಆಗಿರುತ್ತಿತ್ತು. ಕೋಟು ಬಿಚ್ಚುವ ಮುಂಚೆ ಒಂದೇ ಪ್ರಶ್ನೆ.

“ನಕ್ಕರಾ ಅಕ್ಕ?”

“ನಕ್ಕು ನಕ್ಕು ಸತ್ತೆವು ಕಣೋ.”

“ನೀನು ಹಾಗೇ ಹೇಳ್ತೀಯ.”

ಅಮ್ಮನನ್ನು ಕೇಳಿದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಬೀದಿಯಲ್ಲಿ ಸಿಕ್ಕವರೆಲ್ಲ ಬೆನ್ನು ತಟ್ಟಿ ಹೊಗಳುವರು, ಮೀನು ಅಂಗಡಿಯವನು ಒಂದು ಮೀನು ಜಾಸ್ತಿ ಹಾಕಿಕೊಡುವನು. ಇವನು ಮುಖ ಸಣ್ಣಗೆ ಮಾಡಿಕೊಂಡು ಬರುವನು. ಹೊರಗಿನವರು ಯಾರಾದರೂ ಹೇಳಿದ್ದರೆ ನಂಬುತ್ತಿದ್ದನೇನೋ. ಹಿತ್ತಲ ಗಿಡ ಮದ್ದಲ್ಲ ಎಂದು ನಾನು ರೇಗಿದ್ದೆ. ಅವನಿಗೆ ಒಳಗೊಳಗೇ ಒಂದು ಖಾತ್ರಿ. ಇವರೆಲ್ಲ ಚರ್ಚಿನ ಜನ, ದನಿ ಒಡೆದವಳನ್ನು ತಬ್ಬಿಕೊಂಡ ಹಾಗೆ ತನ್ನನ್ನೂ ತಬ್ಬಿಕೊಳ್ಳುತ್ತಿದ್ದಾರೆ, ಎದ್ದು ನಿಂತದ್ದಕ್ಕೆ. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ದೊಡ್ಡಮ್ಮ ಒಬ್ಬರು ಅವನ ಕೆನ್ನೆ ಹಿಡಿದು, ನಿಧಾನ ಮಗನೇ, ಚೆನ್ನಾಗಿ ಮಾಡ್ತಿದ್ದೀಯ ಎಂದರು. ಅವರು ಪ್ರೀತಿಯಿಂದಲೇ ಅಂದದ್ದು. ಇವನು ಆ ದಿನ ಊಟ ಮಾಡಲಿಲ್ಲ.

ಅರವತ್ತನೆಯ ಇಸವಿಯ ಜುಲೈನಲ್ಲಿ ನ್ಯೂಯಾರ್ಕಿನಿಂದ ಪ್ರೆಸ್ಕಾಟ್ ಎಂಬುವನು ಬಂದ. ದೇಶಕ್ಕೆಲ್ಲ ಕಾರ್ಯಕ್ರಮ ಕಳಿಸುವ ದೊಡ್ಡ ಕಂಪನಿಯವನು. ಸ್ಟೇಷನ್ನಿನವರು ತೆಗೆದ ಒಂದು ಫಿಲ್ಮನ್ನು ಯಾರೋ ಅವನಿಗೆ ತೋರಿಸಿದ್ದರು. ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದು, ಅಮ್ಮ ಮಾಡಿದ ಪೀಚ್ ಹಣ್ಣಿನ ಕಡುಬು ಎರಡು ಸಲ ಹಾಕಿಸಿಕೊಂಡು ತಿಂದ. ಕೆಟ್ಟ ಮನುಷ್ಯನಲ್ಲ, ಅಮ್ಮನಿಗೆ ‘ಮೇಡಂ’ ಎಂದ, ನಮ್ಮ ಊರಿನಲ್ಲಿ ಬಿಳಿಯರ ಬಾಯಿಂದ ಆ ಮಾತು ಕೇಳಿದ್ದು ನಾನು ಅದೇ ಮೊದಲು. ವಾರಕ್ಕೆ ಅರ್ಧ ಗಂಟೆ, ಇಡೀ ದೇಶಕ್ಕೆ. ಹಾಡುವವರ ಮಾತು ಬೇರೆ, ನಗಿಸುವ ನಮ್ಮವರಲ್ಲಿ ಇನ್ನೂ ಯಾರಿಗೂ ಅಂಥದ್ದು ಸಿಕ್ಕಿರಲಿಲ್ಲ. ಒಂದೇ ಒಂದು ತೊಂದರೆ ಅಂದ. ಮಾತಿನ ನಡುವೆ ಇವನು ನಿಲ್ಲಿಸುವ ಜಾಗಗಳು. ನೋಡುವವರಿಗೆ ಮಾತು ಮರೆತುಹೋಯಿತೇನೋ ಅನ್ನಿಸುತ್ತದೆ. ಅವನ್ನೆಲ್ಲ ತೆಗೆದುಹಾಕಿ, ಒಂದರ ಹಿಂದೆ ಒಂದು ಮಾತು ಬರಬೇಕು, ನಗುವನ್ನು ಆಮೇಲೆ ಯಂತ್ರದಿಂದ ಸೇರಿಸುತ್ತೇವೆ. ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಹೂಂ ಅಂದರೆ ಸಾಕು.

ಥಿಯೋಟಿಸ್ ತಲೆ ಆಡಿಸಿದ. ಎರಡು ವರ್ಷದಿಂದ ತನಗೆ ಗೊತ್ತಿದ್ದದ್ದನ್ನೇ ಕೊನೆಗೊಬ್ಬ ಹೊರಗಿನವನು ಬಾಯಿ ಬಿಟ್ಟು ಹೇಳಿದನಲ್ಲ ಎಂಬಂತೆ ಇತ್ತು ಅವನ ಮುಖ. ನಾನಂತೂ ಮರುದಿನವೇ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದೆ. ಅಂಗಡಿಗೆ ಬಂದ ಹೆಂಗಸರಿಗೆಲ್ಲ, ಕಾದ ಬಾಚಣಿಗೆ ಕೈಯಲ್ಲಿ ಹಿಡಿದು, ನನ್ನ ತಮ್ಮ ನ್ಯೂಯಾರ್ಕಿಗೆ ಹೋಗುತ್ತಾನೆ ಎಂದು ಸಾರಿದೆ. ಜಂಬ ಪಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಗಂಟು ಹೊತ್ತವಳು ನಾನಲ್ಲವೇ.

ಆ ವಾರ ಶನಿವಾರ ಸ್ಟುಡಿಯೊದಲ್ಲಿ ಬೇರೇನೋ ಕೆಲಸ ಇತ್ತು. ಹೊಸದಾಗಿ ಬಂದಿದ್ದ ಟೇಪಿನ ಯಂತ್ರದಲ್ಲಿ ಇವನ ಕಾರ್ಯಕ್ರಮವನ್ನು ಗುರುವಾರವೇ ಹಿಡಿದಿಟ್ಟುಕೊಂಡರು. ಹಾಗಾಗಿ ಎರಡು ವರ್ಷದಲ್ಲಿ ಮೊದಲ ಸಲ ಶನಿವಾರ ಏಳೂವರೆಗೆ ಥಿಯೋಟಿಸ್ ಮನೆಯಲ್ಲಿದ್ದ. ಅಮ್ಮ ಟಿವಿ ಮುಂದೆ ಕುರ್ಚಿ ಎಳೆದುಕೊಂಡಳು. ಇವನು ತನ್ನ ಮುಖ ತಾನು ನೋಡಲಾರೆ ಎಂದು ಟೋಪಿ ಇಟ್ಟುಕೊಂಡು ಹೊರಟ. ನಾನು ಚಪ್ಪಲಿಯಲ್ಲೇ ಹಿಂದೆ ಓಡಿದೆ. ಸೋಮವಾರದ ಒಳಗೆ ಅವನ ಮನಸ್ಸು ಬದಲಾಗಬಾರದು ಎನ್ನುವುದಷ್ಟೇ ನನ್ನ ಚಿಂತೆ. ಯಾಕೆಂದರೆ ಆ ಮಧ್ಯಾಹ್ನ ಅಡಿಗೆಮನೆಯಲ್ಲಿ ಅವನು ಒಂದು ಮಾತು ಅಂದಿದ್ದ. ನಿಲ್ಲಿಸದೆ ಒಂದೇ ಸಮನೆ ಹೇಳಿ ನೋಡಿದೆ ಅಕ್ಕ, ಯಾರೋ ಬೇರೆಯವನು ಮಾತಾಡಿದ ಹಾಗಾಯ್ತು, ಅಂತ.

ಹೊರಗೆ ಬೀದಿ ಖಾಲಿ. ನಮ್ಮ ಬೀದಿಯಲ್ಲಿ ಜುಲೈ ಸಂಜೆ ಮೆಟ್ಟಿಲಿಗೆ ನಾಲ್ಕು ಜನ ಕೂತಿರಬೇಕು, ಬೀಸಣಿಗೆ ಆಡಬೇಕು. ಅವತ್ತು ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಇಟ್ಟಿಗೆಯ ಗೋಡೆಗಳಿಂದ ಹಗಲಿನ ಕಾವು ಇನ್ನೂ ಹೊರಗೆ ಬರುತ್ತಿತ್ತು, ಬೆಳಕು ಪೀಚ್ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಲ್ಲ ಕಿಟಕಿಗಳೂ ತೆರೆದಿದ್ದವು. ಎಲ್ಲಿ ಹೋದರು ಎಲ್ಲಾ ಎಂದು ಥಿಯೋಟಿಸ್ ಕೇಳಿದ. ಅಷ್ಟರಲ್ಲಿ ಬಲಗಡೆಯ ಮನೆಯಿಂದ ಅವನ ದನಿಯೇ ಉತ್ತರ ಕೊಟ್ಟಿತು.

“ನಮ್ಮ ಲೂಷಿಯಸ್ ಚಿಕ್ಕಪ್ಪನ ಊರಲ್ಲಿ ಬಾಗಿಲಿಗೆ ಬೀಗ ಇರಲಿಲ್ಲ.”

ದನಿ ನಿಂತಿತು. ಥಿಯೋಟಿಸನೂ ನಿಂತ. ಸ್ಟುಡಿಯೊದ ಆ ಖಾಲಿ ಜಾಗ ಈಗ ಬರುತ್ತದೆ ಎಂದು ಅವನ ಭುಜ ಬಿಗಿಯಾದದ್ದು ನನಗೆ ಕಂಡಿತು. ಒಳಗಿನಿಂದ ಲಾಂಡ್ರಿಯಲ್ಲಿ ದುಡಿಯುವ ಯೂಲಾಲಿಯ ದನಿ, ಯಾರೋ ಎದುರಿಗೇ ಕೂತಿರುವ ಹಾಗೆ, “ಕದಿಯೋಕೆ ಏನಿತ್ತಪ್ಪಾ ಅಲ್ಲಿ?” ಎಂದಿತು. ಅವಳ ಮಾತು ಮುಗಿಯುವುದಕ್ಕೂ ಟಿವಿಯ ಥಿಯೋಟಿಸ್ ಬಾಯಿ ತೆರೆಯುವುದಕ್ಕೂ ಸರಿಹೋಯಿತು.

“ಇಲ್ಲಿಗೆ ಬಂದ ಮೇಲೆ ಬೀಗ ಸಿಕ್ತು. ಒಳಗಿಡೋಕೆ ಏನೂ ಸಿಗಲಿಲ್ಲ.”

ಆ ಮನೆ ನಕ್ಕಿತು, ಅದರಾಚೆಯ ಮನೆಯೂ. ನಾವು ನಡೆದೆವು. ಮುಂದಿನ ಕಿಟಕಿಯಲ್ಲೂ ಅವನದೇ ದನಿ, ಎದುರು ಸಾಲಿನಲ್ಲೂ. ಕಥೆ ಒಂದು ಮನೆಯಲ್ಲಿ ಬಿಟ್ಟ ಕಡೆಯಿಂದ ಇನ್ನೊಂದರಲ್ಲಿ ಮುಂದುವರಿಯುತ್ತಿತ್ತು, ನಮ್ಮ ಜೊತೆಗೇ ನಡೆದು ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಪೇಪರ್ ತೆಗೆದುಕೊಳ್ಳಲು ಚಡ್ಡಿಯಲ್ಲೇ ಹೊರಗೆ ಬಂದ, ಹಿಂದೆ ಬಾಗಿಲಿಗೆ ತಾನಾಗಿ ಬೀಗ ಬಿತ್ತು ಎಂದಿತು ದನಿ. ಕೀಲಿ ಎಲ್ಲಿ, ಕೀಲಿ ಎಲ್ಲಿ ಎಂದು ಒಂದು ಮನೆ ಕೇಳಿತು. ಇದಕ್ಕೇ ಹೆಂಡತಿ ಇರಬೇಕು ಎನ್ನುವುದು ಎಂದಿತು ಇನ್ನೊಂದು. ಕೀಲಿ ಪ್ಯಾಂಟಿನ ಜೇಬಿನಲ್ಲಿದೆ ಎಂದು ಹೇಳಿ ದನಿ ಮತ್ತೆ ನಿಂತಿತು. ಆಗ ನಮ್ಮ ಬೀದಿಯ ಎರಡೂ ಕಡೆಯಿಂದ, ಗಂಡಸರು ಹೆಂಗಸರು ಎಲ್ಲರೂ ಸೇರಿ, “ಪ್ಯಾಂಟೆಲ್ಲಿ?” ಎಂದರು. ಖಾಲಿ ಬೀದಿಯ ನಡುವೆ ನಾವಿಬ್ಬರೇ ನಿಂತಿದ್ದೆವು. ಪ್ಯಾಂಟು ಒಳಗೆ ಎಂದು ಅವನು ಎಲ್ಲ ಮನೆಗಳಿಂದಲೂ ಒಟ್ಟಿಗೆ ಹೇಳಿದ. ಎದ್ದ ನಗುವಿಗೆ ನಾಯಿ ಬೊಗಳಿತು.

ನಾನು ಎಂಥ ದಡ್ಡಿ. ಎರಡು ವರ್ಷ ನಾನೂ ಆ ಟಿವಿಯ ಮುಂದೆ ಕೂತು ಉತ್ತರ ಕೊಟ್ಟವಳೇ. ನಕ್ಕೆವು ಎಂದಷ್ಟೇ ಅವನಿಗೆ ಹೇಳಿದೆ. ನೀನು ನಿಲ್ಲಿಸಿದಾಗ ನಾವು ಮಾತಾಡುತ್ತೇವೆ ಎಂದು ಹೇಳಬೇಕೆನ್ನುವುದು ಹೊಳೆದೇ ಇರಲಿಲ್ಲ. ಉಸಿರಾಡಿದೆ ಎಂದು ಯಾರಾದರೂ ಬಂದು ಹೇಳುತ್ತಾರೆಯೇ? ಥಿಯೋಟಿಸ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ. ಅಳುತ್ತಿದ್ದಾನೆ ಎಂದುಕೊಂಡೆ. ಇಲ್ಲ, ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದ, ಪ್ರತಿ ನಿಲುಗಡೆಯನ್ನೂ ಎಣಿಸುತ್ತಿದ್ದ. “ಸರಿಯಾಗಿದೆ ಅಕ್ಕ, ಅಳತೆ ಸರಿಯಾಗಿದೆ” ಎಂದ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸರಿಯಾಗಿದ್ದರೆ ಏನಾಯಿತು, ಈ ಬೀದಿಯಲ್ಲಿ ಎಷ್ಟು ಮನೆ, ದೇಶದಲ್ಲಿ ಎಷ್ಟು ಮನೆ, ಸೋಮವಾರ ಹೂಂ ಅನ್ನು ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಮೂಲೆಯ ಮನೆಯ ಕಡೆ ನಡೆಯುತ್ತಿದ್ದ.

ಅದು ರಾಸ್ಕೋ ಟ್ಯಾಂಡಿಯವರ ಮನೆ. ನಲವತ್ತು ವರ್ಷ ರೈಲಿನಲ್ಲಿ ಪೋರ್ಟರ್ ಆಗಿದ್ದವರು. ಜನವರಿಯಲ್ಲಿ ಹೆಂಡತಿ ತೀರಿಕೊಂಡ ಮೇಲೆ ಆ ಮನುಷ್ಯ ಯಾರ ಜೊತೆಯೂ ಒಂದು ಮಾತು ಆಡಿರಲಿಲ್ಲ. ಚರ್ಚಿನ ಹೆಂಗಸರು ಮೆಟ್ಟಿಲ ಮೇಲೆ ಊಟದ ತಟ್ಟೆ ಇಟ್ಟು ಬಂದರೆ, ಮರುದಿನ ಅದೇ ಮೆಟ್ಟಿಲ ಮೇಲೆ ತೊಳೆದ ತಟ್ಟೆ ಇರುತ್ತಿತ್ತು, ಅಷ್ಟೇ. ಪಾದ್ರಿ ಹೋಗಿ ಒಂದು ಗಂಟೆ ಕೂತು ಬಂದರು, ಹೂಂ ಇಲ್ಲ ಉಹೂಂ ಇಲ್ಲ. ಮಾತೇ ಹೋಗಿಬಿಟ್ಟಿದೆ ಎಂದು ನಾವು ತಿಳಿದಿದ್ದೆವು. ಆ ಕಿಟಕಿಯಿಂದ ಈಗ ಅವರ ದನಿ ಬರುತ್ತಿತ್ತು, ಒರಟಾಗಿ, ತುಕ್ಕು ಹಿಡಿದ ಹಾಗೆ. ಟಿವಿಯ ಥಿಯೋಟಿಸ್ ಒಂದು ಮಾತು, ಇವರು ಒಂದು ಮಾತು. ಎದುರುಬದುರು ಕೂತು ಇಬ್ಬರು ಜಗಳ ಆಡಿದಂತೆಯೇ. ಚರ್ಚು ಬಿಡುವ ಹೊತ್ತಾಯ್ತು, ಹೆಂಗಸರೆಲ್ಲ ಬೀದಿಗೆ ಬರುತ್ತಿದ್ದಾರೆ ಎಂದು ಅವನು ಹೇಳಿದರೆ, ಅದಕ್ಕೇ ಹೇಳುತ್ತಿದ್ದೇನೆ ಬೇಗ ಒಳಗೆ ಹೋಗು ಅಂತ ಎಂದು ಇವರು.

ಕಾರ್ಯಕ್ರಮ ಮುಗಿಯಿತು. ಬ್ರೆಡ್ಡಿನ ಸಂಗೀತ ಶುರುವಾಯಿತು. ಟ್ಯಾಂಡಿ ಮೆಲ್ಲಗೆ, “ಎದ್ಬಿಟ್ಯಾ? ಇನ್ನೊಂಚೂರು ಕೂತ್ಕೋಬಾರ್ದಾ” ಎಂದರು.

ಮುಂದಿನದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಆಮೇಲೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಸೋಮವಾರ ಥಿಯೋಟಿಸ್ ಫೋನ್ ಮಾಡಿ ಆಗುವುದಿಲ್ಲ ಎಂದ. ಯಾಕೆ ಎಂದು ಪ್ರೆಸ್ಕಾಟ್ ಕೇಳಿದ. “ಅದರಲ್ಲಿ ಅರ್ಧ ಮಾತು ನನ್ನದಲ್ಲ ಸಾರ್. ಬೇರೆಯವರ ಮಾತನ್ನ ನಾನು ಹೇಗೆ ತೆಗೆದುಹಾಕಲಿ?” ಎಂದ ಇವನು. ನಾನು ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟೆ. ನ್ಯೂಯಾರ್ಕಿಗೆ ಯಾವಾಗ ಎಂದು ಅಂಗಡಿಯ ಹೆಂಗಸರು ಬೇಕೆಂದೇ ಕೇಳುವರು, ನಾನು ಬೇಕೆಂದೇ ಬಾಚಣಿಗೆಯನ್ನು ಕಿವಿಯ ಹತ್ತಿರ ತರುವೆನು. ಮುಂದಿನ ಮಾರ್ಚಿಗೆ ಸ್ಟೇಷನ್ನಿನವರೂ ಆ ಹದಿನೈದು ನಿಮಿಷ ನಿಲ್ಲಿಸಿದರು. ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿಕೊಂಡರು, ಒಂದೂ ಉಳಿದಿಲ್ಲ. ಅವನು ಲಿಫ್ಟ್ ನಡೆಸಿದ, ಲಿಫ್ಟುಗಳು ತಾವೇ ಓಡಾಡಲು ಕಲಿತ ಮೇಲೆ ಶಾಲೆಯೊಂದರ ಬಾಗಿಲು ಕಾದ, ಆರು ವರ್ಷದ ಹಿಂದೆ ತೀರಿಕೊಂಡ. ದೇಶಕ್ಕೆಲ್ಲ ಮೊದಲಿಗನಾಗಬಹುದಾಗಿದ್ದವನು ಒಂದು ಊರಿಗಷ್ಟೇ ಮೊದಲಿಗನಾಗಿ ಉಳಿದ. ಬೇರೆಯವರು ಆಮೇಲೆ ಆ ಎತ್ತರಕ್ಕೆ ಹೋದದ್ದನ್ನು ಪರದೆಯ ಮೇಲೆ ನೋಡಿದಾಗ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಅವನಿಗೆ ಉರಿಯುತ್ತಿರಲಿಲ್ಲ. ಅವನ ಪಾಲಿನದನ್ನೂ ನಾನೇ ಹೊರಬೇಕಾಯಿತು.

ಆದರೆ ಆ ಸಂಜೆ ಆ ಕಿಟಕಿಯ ಕೆಳಗೆ ನಾನೂ ಇದ್ದೆ, ಅದಕ್ಕೇ ಅವನು ತಪ್ಪು ಮಾಡಿದ ಎಂದು ಬಾಯಿ ಬಿಟ್ಟು ಹೇಳಲಾರೆ. ಥಿಯೋಟಿಸ್ ಮೂರು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ ಟ್ಯಾಂಡಿ ಬಾಗಿಲು ತೆರೆದರು. ಆರು ತಿಂಗಳಲ್ಲಿ ಅರ್ಧ ಆಗಿಹೋಗಿದ್ದರು, ಬನಿಯನ್ನಿನಲ್ಲಿದ್ದರು. ಇವನ ಮುಖ ನೋಡಿದರು, ತಿರುಗಿ ಟಿವಿಯ ಕಡೆ ನೋಡಿದರು, ಮತ್ತೆ ಇವನನ್ನು ನೋಡಿದರು. ಆಶ್ಚರ್ಯವೇನೂ ಪಡಲಿಲ್ಲ. ಅವರ ಮುಖದಲ್ಲಿ ಇದ್ದದ್ದು ಸಿಟ್ಟು.

“ನಿಮ್ಮ ಚಿಕ್ಕಪ್ಪ ಕಿಟಕಿಯಿಂದ ಒಳಗೆ ಹೋಗ್ಬಹುದಿತ್ತು ಕಣೋ. ಆಗ್ಲಿಂದ ಅದನ್ನೇ ಬಡ್ಕೊಳ್ತಿದ್ದೀನಿ. ನೀನು ಕೇಳಿಸ್ಕೊಳ್ಳೋದೇ ಇಲ್ಲ.”

“ಈಗ ಕೇಳಿಸ್ತು ಮಾಮ” ಎಂದ ನನ್ನ ತಮ್ಮ.

ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಅವನು ಒಳಗೆ ಹೋದ. ನಾನು ಸ್ವಲ್ಪ ಹೊತ್ತು ಕಾದು, ಒಬ್ಬಳೇ ಮನೆಗೆ ಬಂದೆ.